ಗಡಿಯಾಚೆಯ ಪಿಕ್ಸೆಲ್‌ಗಳು

ಇದು ಕೋಡಿಂಗ್ ಮಾತು, ಆದರೆ ಕೋಡ್ ಬರೆಯದವರಿಗೂ ಸಂಬಂಧಪಟ್ಟದ್ದು. ಸ್ವಲ್ಪ ಸಹಿಸಿಕೊಳ್ಳಿ.

ರಾಜ್ಯೋತ್ಸವ ಬಂತೆಂದರೆ ನಮ್ಮಂಥ ಕೂಟಗಳಿಗೆಲ್ಲ ಒಂದು ಕರ್ನಾಟಕದ ಚಿತ್ರ ಬೇಕು. ಉಪಗ್ರಹ ಚಿತ್ರ ತಗೊಂಡು ರಾಜ್ಯದ ಆಕಾರಕ್ಕೆ ಕತ್ತರಿಸಿ, ಸುತ್ತಲೂ ಬಿಳಿ ಬಿಡುವುದು ವಾಡಿಕೆ. ಬ್ರೌಸರ್‌ನ ಕ್ಯಾನ್ವಾಸ್‌ನಲ್ಲಿ ಇದು ಸುಲಭ. ಗಡಿಯ ಬಿಂದುಗಳನ್ನು ಗೆರೆಗಳಿಂದ ಜೋಡಿಸಿ ಪಾಲಿಗನ್ ಮಾಡಿ, 'ಕ್ಲಿಪ್' ಎಂದು ಹೇಳಿ, ಚಿತ್ರ ಬಿಡಿಸಿದರೆ ಮುಗಿಯಿತು. ಕ್ಲಿಪ್‌ಗೆ ಮೊದಲು 'ಸೇವ್', ಚಿತ್ರ ಬಿಡಿಸಿದ ಮೇಲೆ 'ರಿಸ್ಟೋರ್' ಹಾಕಬೇಕು. ಇಲ್ಲದಿದ್ದರೆ ಮುಂದೆ ಬರೆಯುವ ಊರಿನ ಹೆಸರುಗಳಿಗೂ ಕತ್ತರಿ ಬಿದ್ದು, ಅಂಚಿನಲ್ಲಿರುವ ಬೀದರ್ ಬರೀ 'ಬೀದ' ಆದೀತು! ಒಂದೇ ಪಾಲಿಗನ್ ಕೊಟ್ಟರೆ ಮಲ್ಪೆಯ ಸೇಂಟ್ ಮೇರೀಸ್, ಮುರುಡೇಶ್ವರದ ಬಳಿಯ ನೇತ್ರಾಣಿಯಂಥ ದ್ವೀಪಗಳೂ ಮಾಯ.

ಆದರೆ ನನ್ನ ತಕರಾರು ಆ ಬಿಳಿಯ ಬಗ್ಗೆ. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆ ಈ ಚಿತ್ರದಲ್ಲಿ ಬೆಳಗಾವಿಯ ಅಂಚಿನಲ್ಲಿ ದಿಢೀರನೆ ಕಾಣಿಸಿಕೊಳ್ಳುತ್ತಾಳೆ. ಕಾವೇರಿ ಸಮುದ್ರವನ್ನೇ ಸೇರುವುದಿಲ್ಲ. ಇನ್ನು ಜನರ ಮಾತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗ ನಮಗೆ ಬರಬೇಕೆಂದು ಶಿಫಾರಸು ಮಾಡಿತು, ಜಾರಿಗೆ ಬರಲಿಲ್ಲ. ಅಲ್ಲಿಯ ಕನ್ನಡಿಗರು, ಅಕ್ಕಲಕೋಟೆ, ಜತ್ತ, ತಾಳವಾಡಿಯವರು ಕನ್ನಡದ ಹಬ್ಬದ ಚಿತ್ರದಲ್ಲೇ ಖಾಲಿ ಕಾಗದ! ಅಳಿಸಿದ್ದು ಯಾವ ಸರ್ಕಾರವೂ ಅಲ್ಲ, ನಮ್ಮದೇ ಒಂದು ಸಾಲು ಕೋಡ್.

ಹಾಗಂತ ಗಡಿ ಗೆರೆಯನ್ನು ಸರಿಸಿ ಎನ್ನುತ್ತಿಲ್ಲ. ಕಾನೂನಿನ ಗಡಿ ಇದ್ದಲ್ಲೇ ಇರಲಿ, ಹೊರಗಿನದನ್ನು ಅಳಿಸುವ ಬದಲು ಮಸುಕು ಮಾಡೋಣ.

ಮಾಡುವುದು ಹೀಗೆ. ಮೊದಲು ಇಡೀ ಚಿತ್ರ ಬಿಡಿಸಿ, ಕ್ಲಿಪ್ ಬೇಡ. ನಂತರ ಒಂದೇ ಪಾಥ್‌ನಲ್ಲಿ ಇಡೀ ಕ್ಯಾನ್ವಾಸ್ ಗಾತ್ರದ ಆಯತವನ್ನೂ ರಾಜ್ಯದ ಪಾಲಿಗನ್ನನ್ನೂ ಸೇರಿಸಿ, ಅರೆಪಾರದರ್ಶಕ ಬಿಳಿಯನ್ನು 'ಈವನ್-ಆಡ್' ನಿಯಮದಲ್ಲಿ ತುಂಬಿ. ಯಾವುದೇ ಬಿಂದುವಿನಿಂದ ಹೊರಕ್ಕೆ ಒಂದು ನೇರ ಗೆರೆ ಎಳೆದು, ಅದು ಎಷ್ಟು ಅಂಚು ದಾಟುತ್ತದೆಂದು ಎಣಿಸುವುದೇ ಈ ನಿಯಮ. ಬೆಸವಾದರೆ ಬಣ್ಣ, ಸಮವಾದರೆ ಇಲ್ಲ. ದಾವಣಗೆರೆಯಿಂದ ಹೊರಟ ಗೆರೆ ರಾಜ್ಯದ ಗಡಿ, ಆಯತದ ಅಂಚು ಎರಡನ್ನೂ ದಾಟುತ್ತದೆ, ಹಾಗಾಗಿ ಬಣ್ಣ ಬೀಳದು. ಕಾಸರಗೋಡಿನಿಂದ ಕಡಲ ಕಡೆ ಹೊರಟದ್ದು ಆಯತವನ್ನಷ್ಟೇ ದಾಟುತ್ತದೆ, ಮಸುಕಾಗುತ್ತದೆ. ದ್ವೀಪಗಳ ಪಾಲಿಗನ್ನುಗಳನ್ನೂ ಅದೇ ಪಾಥ್‌ಗೆ ಸೇರಿಸಿದರೆ ಅವೂ ತೆರೆದುಕೊಳ್ಳುತ್ತವೆ. ಬಿಂದುಗಳು ಯಾವ ದಿಕ್ಕಿನಲ್ಲಿ ಸುತ್ತಿವೆ ಎಂಬ ತಲೆನೋವೂ ಇಲ್ಲ. ಕ್ಯಾನ್ವಾಸ್ ತಾನಾಗಿ ಬಳಸುವ 'ನಾನ್‌ಜೀರೋ' ನಿಯಮದಲ್ಲಿ ಅದು ಇದೆ. ಪಾಲಿಗನ್ನುಗಳು ಒಂದರ ಮೇಲೊಂದು ಬೀಳದಂತೆ ಮಾತ್ರ ನೋಡಿಕೊಳ್ಳಿ.

ಬಿಳಿಯ ಆಲ್ಫಾ ಮೌಲ್ಯ 0.6 ನನಗೆ ಹಿಡಿಸಿದೆ. ಪ್ರೊಜೆಕ್ಟರ್‌ನಲ್ಲಿ ತೋರಿಸುವವರು 0.5ಕ್ಕೆ ಇಳಿಸಿ. ಇಲ್ಲದಿದ್ದರೆ ಸಭಾಂಗಣದ ಬೆಳಕಿಗೆ ಕಾಸರಗೋಡು ಮತ್ತೆ ಬಿಳಿಯಾಗಿಬಿಡುತ್ತದೆ.