ಚೆಂಗ್ಡುವಿನ ಒಂದು ಮಾಸಪತ್ರಿಕೆ



1903ರಲ್ಲಿ, ಜಪಾನಿನಲ್ಲಿ ಓದುತ್ತಿದ್ದ ಚೀನೀ ತರುಣನೊಬ್ಬ ಜೂಲ್ಸ್ ವರ್ನ್ ಬರೆದ ಚಂದ್ರಯಾನದ ಕಾದಂಬರಿಯನ್ನು ತನ್ನ ಭಾಷೆಗೆ ತಂದ. ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಜಪಾನಿಗೆ ಬಂದ ಕಥೆ ಅದು. ಇಷ್ಟು ಕೈ ದಾಟುವಷ್ಟರಲ್ಲಿ ಪಾಪ, ವರ್ನ್ ಅಮೆರಿಕದವನಾಗಿಬಿಟ್ಟಿದ್ದ. ಹೆಸರು ಚಾರ್ಲ್ಸ್ ಎಂದಾಗಿತ್ತು! ಆ ತರುಣನೇ ಮುಂದೆ ಆಧುನಿಕ ಚೀನೀ ಸಾಹಿತ್ಯದ ಹಿರಿಯನೆನಿಸಿದ ಲು ಶುನ್. ವಿಜ್ಞಾನವನ್ನು ಕಥೆಯಲ್ಲಿ ಕಲಸಿ ಕೊಟ್ಟರೆ ಜನ ಬೇಸರವಿಲ್ಲದೆ ಓದುತ್ತಾರೆ, ಮೂಢನಂಬಿಕೆ ಬಿಡುತ್ತಾರೆ ಎಂಬುದು ಅವನ ಆಸೆ.

ಒಳ್ಳೆಯ ಆಸೆಯೇ. ಆದರೆ ಚೀನೀ ವೈಜ್ಞಾನಿಕ ಕಥೆಗೆ ಅದೇ ಉರುಳಾಯಿತು ಎಂದು ನನಗನ್ನಿಸುತ್ತದೆ. ಕಥೆಯೆಂದರೆ ಪಾಠ ಎಂದಾದ ಮೇಲೆ, ಪಾಠ ತಪ್ಪಿದಾಗ ಬೆತ್ತವೂ ಬೀಳಬೇಕಲ್ಲ?

ಬಿತ್ತು. ಮಾವೋ ಕಾಲ ಮುಗಿದ ಮೇಲೆ ಈ ಬಗೆಯ ಕಥೆಗಳಿಗೆ ಸುಗ್ಗಿ ಬಂದಿತ್ತು. 1978ರಲ್ಲಿ ಯೆ ಯೊಂಗ್‌ಲಿಯೆ ಬರೆದ ಮಕ್ಕಳ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮರುವರ್ಷವೇ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರದಲ್ಲಿ ಒಂದು ಪತ್ರಿಕೆ ಹುಟ್ಟಿತು. ಈಗ ಅದರ ಹೆಸರು 'ಕೆಹ್ವಾನ್ ಶಿಜಿಯೆ', ಎಂದರೆ ವೈಜ್ಞಾನಿಕ ಕಥಾಲೋಕ. ಆದರೆ ಯೆ ಹಿಂದೆ ಬರೆದಿದ್ದ ಇನ್ನೊಂದು ಕಥೆಯ ಮೇಲೆ ಅದೇ 1979ರಲ್ಲಿ ವಿಜ್ಞಾನಿಗಳು ಮುಗಿಬಿದ್ದರು. ಎವರೆಸ್ಟಿನಲ್ಲಿ ಸಿಕ್ಕ ಡೈನೋಸಾರ್ ಮೊಟ್ಟೆ ಅದರಲ್ಲಿ ಮರಿಯಾಗುತ್ತದೆ. ಇದು ಹುಸಿ ವಿಜ್ಞಾನ ಎಂದು ದೊಡ್ಡ ದಿನಪತ್ರಿಕೆಯಲ್ಲೇ ಖಂಡನೆ ಬಂತು. 1983ರಲ್ಲಿ ಸರ್ಕಾರ ಮನಸ್ಸಿನ ಮಾಲಿನ್ಯ ತೊಳೆಯುವ ಆಂದೋಲನ ಹೂಡಿತು. ವೈಜ್ಞಾನಿಕ ಕಥೆಯೂ ಆ ಕೊಳೆಯ ಪಟ್ಟಿಗೆ ಸೇರಿತು. ಪತ್ರಿಕೆಗಳು ಒಂದೊಂದಾಗಿ ಮುಚ್ಚಿದವು. ಯೆ ಇಂಥ ಕಥೆಗಳ ಗೊಡವೆಯೇ ಬೇಡವೆಂದು ಜೀವನಚರಿತ್ರೆಗಳತ್ತ ಹೊರಳಿದರು.

ಚೆಂಗ್ಡುವಿನ ಪತ್ರಿಕೆಗೆ ಸರ್ಕಾರದ ಹಣ ನಿಂತಿತು, ಬಾಗಿಲು ಮಾತ್ರ ಮುಚ್ಚಲಿಲ್ಲ. ಯಾಂಗ್ ಶಿಯಾವೊ ಎಂಬ ಮಹಿಳೆ ಅದರ ಹೊಣೆ ಹೊತ್ತರು. ಮಕ್ಕಳ ಪುಸ್ತಕಗಳನ್ನು ಅಚ್ಚುಹಾಕಿ ಮಾರಿ, ಬಂದ ಲಾಭವನ್ನು ಪತ್ರಿಕೆಗೆ ಸುರಿದರು. ವೈಜ್ಞಾನಿಕ ಕಥೆಗಾರರ 1991ರ ಅಂತರರಾಷ್ಟ್ರೀಯ ಸಮ್ಮೇಳನ ಚೆಂಗ್ಡುವಿನಲ್ಲಿ ನಡೆಯಬೇಕಿತ್ತು. ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿದ ನಂತರ ಅದು ಕೈತಪ್ಪುವ ಹಾಗಾಯಿತು. ವಿಮಾನಕ್ಕೆ ದುಡ್ಡೆಲ್ಲಿ? 1990ರಲ್ಲಿ ಆಕೆ ಸಂಗಡಿಗರೊಂದಿಗೆ ಎಂಟು ದಿನ ರೈಲಿನಲ್ಲಿ ಕೂತು ನೆದರ್ಲೆಂಡ್ಸಿನ ಹೇಗ್ ನಗರ ಮುಟ್ಟಿ, ಸಂಘಟಕರೆದುರು ವಾದಿಸಿ, ಸಮ್ಮೇಳನವನ್ನು ಉಳಿಸಿಕೊಂಡು ಬಂದರು. ಚೀನೀ ವೈಜ್ಞಾನಿಕ ಕಥೆಯ ಚರಿತ್ರೆಯಲ್ಲಿ ನನಗೆ ಬಲು ಇಷ್ಟವಾದ ಪ್ರಯಾಣ ಇದು, ಚಂದ್ರಯಾನಕ್ಕಿಂತಲೂ.

ಇನ್ನು ಅದೃಷ್ಟದ ಮಾತು. 1999ರ ಜುಲೈ ಸಂಚಿಕೆಯಲ್ಲಿ ನೆನಪಿನ ಕಸಿಯ ಬಗ್ಗೆ ಬರಹ ಬಂದಿತ್ತು. ಅದೇ ತಿಂಗಳು ನಡೆದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧದ ವಿಷಯವೇನು ಗೊತ್ತೇ? ನೆನಪನ್ನು ಕಸಿ ಮಾಡುವಂತಾದರೆ! ಅಲ್ಲಿಯವರೆಗೆ ಮಕ್ಕಳ ಕೈಯಿಂದ ಪತ್ರಿಕೆ ಕಿತ್ತುಕೊಳ್ಳುತ್ತಿದ್ದ ಅಪ್ಪ ಅಮ್ಮಂದಿರೇ ಚಂದಾ ಕಟ್ಟತೊಡಗಿದರು. ಪ್ರಸಾರ ಸುಮಾರು 4 ಲಕ್ಷ ಪ್ರತಿಗಳಿಗೆ ಏರಿತು. ಪಾಠವಾಗಲು ಒಲ್ಲದ ಕಥೆಗೆ ಪರೀಕ್ಷೆಯೇ ಕೈಹಿಡಿಯಿತು, ನೋಡಿ.

ಅದೇ ವರ್ಷ ಇದೇ ಪತ್ರಿಕೆಯಲ್ಲಿ ಹೊಸಬರೊಬ್ಬರ ಕಥೆಗಳು ಬರತೊಡಗಿದವು. ಶಾನ್‌ಷಿಯ ವಿದ್ಯುತ್ ಸ್ಥಾವರವೊಂದರ ಎಂಜಿನಿಯರ್ ಲಿಯು ತ್ಸಿಶಿನ್. ಅವರ 'ಮೂರು ಕಾಯಗಳು' ಕಾದಂಬರಿ 2006ರಲ್ಲಿ ಅಲ್ಲೇ ಧಾರಾವಾಹಿಯಾಗಿ ಬಂತು. ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಹಿಂಸೆಯಿಂದ ಶುರುವಾಗುತ್ತಿದ್ದ ಕಥೆ ಅದು. 2008ರಲ್ಲಿ ಪುಸ್ತಕವಾದಾಗ ಆ ಭಾಗ ನಡುವೆಲ್ಲೋ ಹುದುಗಿಕೊಂಡಿತು. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದದಲ್ಲಿ ಮತ್ತೆ ಮೊದಲಿಗೇ ಬಂತು. 2015ರಲ್ಲಿ ಅದಕ್ಕೆ ಈ ಬಗೆಯ ಸಾಹಿತ್ಯದ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಸಿಕ್ಕಿತು. ಕಾದಂಬರಿ ವಿಭಾಗದಲ್ಲಿ ಅನುವಾದವೊಂದು ಅದನ್ನು ಗೆದ್ದದ್ದು ಅದೇ ಮೊದಲು.

2023ರಲ್ಲಿ ಹ್ಯೂಗೋ ಕೊಡುವ ವೈಜ್ಞಾನಿಕ ಕಥೆಗಳ ವಿಶ್ವ ಸಮ್ಮೇಳನವೇ ಚೆಂಗ್ಡುವಿಗೆ ಬಂತು. ಆ ವರ್ಷದ ಹ್ಯೂಗೋದಲ್ಲಿ, ಚೀನಾ ಮೂಲದ ಆರ್. ಎಫ್. ಕ್ವಾಂಗ್ ಅವರ 'ಬೇಬೆಲ್' ಕಾದಂಬರಿಗೆ ಸಾಕಷ್ಟು ಸೂಚನಾ ಮತಗಳು ಬಂದಿದ್ದರೂ ಅದನ್ನು ಅನರ್ಹವೆಂದು ಪಕ್ಕಕ್ಕಿಟ್ಟರು. ಕಾರಣ ಹೇಳಲಿಲ್ಲ. ಲೇಖಕರ ರಾಜಕೀಯ ನಿಲುವುಗಳನ್ನು ಜಾಲಾಡಿ ಕಡತ ಮಾಡಿದವರಲ್ಲಿ ಅಮೆರಿಕದವರೇ ಇದ್ದರೆಂದು ಆಮೇಲೆ ಇಮೇಲುಗಳಿಂದ ಬಯಲಾಯಿತು.