‘ಎಲ್ಲಿಗೆ ಹೋಯಿತು?’ ಎಂದು ಕೇಳೋಣ
(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪವಾಯಿಯಲ್ಲಿರುವ ನಮಗೆ ಐಐಟಿ ಎಂಬ ಹೆಸರು ದಿನವೂ ಕಿವಿಗೆ ಬೀಳುತ್ತದೆ. 1958ರಲ್ಲಿ ಆರಂಭವಾದ ಆ ಸಂಸ್ಥೆ ನಮ್ಮ ನೆರೆಮನೆಯಿದ್ದಂತೆ. ಆದರೂ ಏಳನೆಯ ತರಗತಿಯ ಮಗು ವಿದ್ಯುತ್ತಿನ ಪಾಠದಲ್ಲಿ ಸಂದೇಹ ಕೇಳಿದರೆ ಎಷ್ಟೋ ಮನೆಗಳಲ್ಲಿ ಅಮ್ಮನ ಉತ್ತರ ಒಂದೇ: “ಅಪ್ಪ ಬರಲಿ, ಕೇಳು.” ಈ ಮಾತನ್ನು ಮಗಳೂ ಕೇಳಿಸಿಕೊಳ್ಳುತ್ತಾಳೆ. ಫಿಸಿಕ್ಸ್ ಹೆಂಗಸರದ್ದಲ್ಲ ಎಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಾಳೆ.

ನಾನು ಎಂಟೆಕ್ ಓದಿ ಐಟಿಯಲ್ಲಿ ಕೆಲಸ ಮಾಡುತ್ತೇನೆ. ರಜೆಯ ದಿನ ನಮ್ಮ ಕಟ್ಟಡದ ಕೆಲವು ಮಕ್ಕಳ ಜೊತೆ ವಿಜ್ಞಾನದ ಪಾಠ ಓದುತ್ತೇನೆ. ಅಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ಮಕ್ಕಳಿಗೆ ಉತ್ತರ ಹೇಳುವುದಕ್ಕಿಂತ ‘ಎಲ್ಲಿಗೆ ಹೋಯಿತು?’ ಎಂದು ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಇದನ್ನು ಕೇಳಲು ಪದವಿ ಬೇಕಿಲ್ಲ. ಕನ್ನಡದಲ್ಲೇ ಕೇಳಬಹುದು.

ಮೊದಲು ವಿದ್ಯುನ್ಮಂಡಲ. ಒಂದು ಟಾರ್ಚ್ ಸೆಲ್, ಒಂದು ಸಣ್ಣ ಟಾರ್ಚ್ ಬಲ್ಬು, ಎರಡು ತುಂಡು ವೈರು ಸಾಕು. ಸೆಲ್ಲಿನದು ಕೇವಲ 1.5 ವೋಲ್ಟ್, ಭಯವಿಲ್ಲ. ಗೋಡೆಯ ಪ್ಲಗ್ಗಿನದು 230 ವೋಲ್ಟ್, ಅದರ ಹತ್ತಿರ ಮಕ್ಕಳ ಪ್ರಯೋಗ ಬೇಡವೇ ಬೇಡ. ಬಲ್ಬು ಹೊತ್ತಿದ ಮೇಲೆ ಕೇಳಿ: “ಕರೆಂಟು ಎಲ್ಲಿಗೆ ಹೋಯಿತು?” ಬಹುತೇಕ ಮಕ್ಕಳು “ಬಲ್ಬು ತಿಂದುಬಿಟ್ಟಿತು” ಎನ್ನುತ್ತಾರೆ.

ಆಗ ಬಟ್ಟೆ ಒಣಹಾಕುವ ಹಗ್ಗದ ಎರಡು ತುದಿ ಗಂಟು ಹಾಕಿ, ನಾಲ್ಕೈದು ಜನ ದುಂಡಗೆ ನಿಂತು ಸಡಿಲವಾಗಿ ಹಿಡಿಯಿರಿ. ಒಬ್ಬರು ಹಗ್ಗವನ್ನು ಎಳೆದು ಎಳೆದು ಮುಂದಕ್ಕೆ ಬಿಡಲಿ, ಅವರೇ ಸೆಲ್ಲು. ಇನ್ನೊಬ್ಬರು ಸ್ವಲ್ಪ ಬಿಗಿಯಾಗಿ ಹಿಡಿಯಲಿ, ಅವರೇ ಬಲ್ಬು. ಬಲ್ಬಿನ ಅಂಗೈ ಬಿಸಿಯಾಗುತ್ತದೆ. ಆದರೆ ಹಗ್ಗ ಒಂದಿಂಚೂ ಕಡಿಮೆಯಾಗುವುದಿಲ್ಲ, ಎಲ್ಲರ ಕೈಯಲ್ಲೂ ಒಂದೇ ವೇಗದಲ್ಲಿ ಓಡುತ್ತದೆ. ಕರೆಂಟೂ ಹೀಗೆಯೇ. ಬಲ್ಬಿಗೆ ಬರುವಷ್ಟೇ ಕರೆಂಟು ಬಲ್ಬಿನಿಂದ ಹೊರಗೂ ಹೋಗುತ್ತದೆ. ಖರ್ಚಾಗುವುದು ಸೆಲ್ಲಿನಲ್ಲಿದ್ದ ಶಕ್ತಿ, ಅದು ಬೆಳಕೂ ಬಿಸಿಯೂ ಆಗುತ್ತದೆ. ವೈರಿನಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ದೂರ ಸಾಗುತ್ತವೆ. ಆದರೂ ಸ್ವಿಚ್ಚು ಒತ್ತಿದ ಕೂಡಲೇ ದೀಪ ಬರುವುದೇಕೆ? ಹಗ್ಗ ಎಳೆದಾಗ ಎಲ್ಲ ಕಡೆಯೂ ಒಟ್ಟಿಗೆ ಚಲಿಸಿತಲ್ಲ, ಹಾಗೆ.

ಹಗ್ಗ ಒಂದು ಕಡೆ ಕಡಿದರೆ ಎಲ್ಲ ನಿಂತುಹೋಗುತ್ತದೆ. ಹಳೆಯ ದೀಪಾವಳಿ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲು ಆರುತ್ತಿದ್ದುದು ಇದಕ್ಕೇ. ಮನೆಯಲ್ಲಿ ಫ್ಯಾನು ಆರಿಸಿದರೂ ಲೈಟು ಉರಿಯುತ್ತದೆ, ಏಕೆಂದರೆ ಅಲ್ಲಿ ಒಂದೊಂದಕ್ಕೂ ಬೇರೆ ಬೇರೆ ದಾರಿಯಿದೆ. ‘ಮಂಡಲ’ ಎಂಬ ನಮ್ಮ ಪದದಲ್ಲೇ ಸುತ್ತಿ ಬರುವ ಅರ್ಥವಿದೆ ನೋಡಿ.

ಈಗ ಘನ, ದ್ರವ, ಅನಿಲ. ಇದರ ಪ್ರಯೋಗಶಾಲೆ ನಮ್ಮ ಅಡುಗೆಮನೆಯೇ. ತಣ್ಣಗಿನ ಸ್ಟೀಲ್ ಲೋಟದ ಹೊರಗೆ ನೀರು ಮೂಡಿದಾಗ “ಎಲ್ಲಿಂದ ಬಂತು?” ಎಂದು ಕೇಳಿ. “ಒಳಗಿನಿಂದ ಸೋರಿತು” ಎನ್ನುವ ಮಕ್ಕಳಿದ್ದಾರೆ. ಮರುದಿನ ಲೋಟದಲ್ಲಿ ತಣ್ಣನೆಯ ಕೋಕಂ ಶರಬತ್ತು ಇಡಿ. ಹೊರಗಿನ ಹನಿಗೆ ಬಣ್ಣವಿಲ್ಲ! ಗಾಳಿಯಲ್ಲಿದ್ದ ಕಾಣದ ಆವಿಯೇ ತಣಿದು ನೀರಾಯಿತು ಎಂದು ಮಗು ತಾನೇ ಹೇಳುತ್ತದೆ. ಮುಂಬಯಿಯ ತೇವದ ಗಾಳಿಯಲ್ಲಿ ಈ ಪ್ರಯೋಗಕ್ಕೆ ಹೆಚ್ಚು ಕಾಯಬೇಕಾಗಿಲ್ಲ.

ಇಡ್ಲಿ ಪಾತ್ರೆಯ ಬಾಯಿಂದ ಏಳುವ ಬಿಳಿ ಹಬೆಯನ್ನು ದೂರದಿಂದಲೇ ತೋರಿಸಿ. ಅದು ಆಗಲೇ ಸಣ್ಣ ಸಣ್ಣ ನೀರಹನಿಯಾಗಿದೆ. ನಿಜವಾದ ಆವಿ ಕಣ್ಣಿಗೆ ಕಾಣದು. ಒಂದು ಲೋಟ ನೀರು ಕುದಿದು ಆವಿಯಾದರೆ 1,600 ಲೋಟಕ್ಕೂ ಹೆಚ್ಚು ಜಾಗ ಬೇಕು. ನೀರಿನ ಕಣ ದೊಡ್ಡದಾಗುವುದಿಲ್ಲ, ಕಣಗಳ ನಡುವಿನ ಅಂತರ ಹೆಚ್ಚುತ್ತದೆ. ನೀರು ಮುಂಬಯಿಯಲ್ಲಿ 100 ಡಿಗ್ರಿಗೆ ಕುದಿದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಊರಿಗೆ ಹೋಗುವ ಮಕ್ಕಳಿಗೆ ಇದನ್ನು ಹೇಳಿ ನೋಡಿ, ಅಜ್ಜಿಯ ಮನೆಯ ಒಲೆಯ ಮೇಲೂ ಕುತೂಹಲ ಹುಟ್ಟುತ್ತದೆ.

ಮಕ್ಕಳ ತಲೆಯಲ್ಲಿ ಈಗಾಗಲೇ ಇರುವ ಕಲ್ಪನೆಯಿಂದಲೇ ಪಾಠ ಶುರುವಾಗಬೇಕು. ನಮ್ಮ ಮಾನ್‌ಖುರ್ದಿನಲ್ಲೇ ಇರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರಿಂದ ವಿಜ್ಞಾನ ಕಲಿಕೆಯ ಬಗ್ಗೆ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ ಫಿಸಿಕ್ಸ್ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಪ್ರಶ್ನೆ ಕೇಳುವುದನ್ನು ಜೀವನಪೂರ್ತಿ ಕಲಿಸಿದವರು ಅವರು.

ಆದ್ದರಿಂದ ಸೋದರಿಯರೇ, ಇನ್ನು ಮುಂದೆ ಮಗಳು ಪುಸ್ತಕ ಹಿಡಿದು ಬಂದರೆ “ಅಪ್ಪ ಬರಲಿ” ಎನ್ನಬೇಡಿ. “ನಿನಗೇನನ್ನಿಸುತ್ತದೆ? ಬಾ, ಮಾಡಿ ನೋಡೋಣ” ಎನ್ನಿ. ಉತ್ತರ ಇಬ್ಬರಿಗೂ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಒಟ್ಟಿಗೆ ಹುಡುಕಬಹುದು.