ಎರಡು ನುಡಿಯ ಮಗುವಿಗೆ ಯಾವ ಅಳತೆಗೋಲು?



ಪ್ರತಿಭಾವಂತ ಮಕ್ಕಳಿಗೆಂದು ಇರುವ ಶಾಲೆಗಳ ಪ್ರವೇಶದಲ್ಲಿ ದ್ವಿಭಾಷಾ ಸಾಮರ್ಥ್ಯವನ್ನು ಪರಿಗಣಿಸಬೇಕೇ? ಕಾಸರಗೋಡಿನ ನಮಗೆ ಇದು ಮನೆಮನೆಯ ಪ್ರಶ್ನೆ. ಐದನೆಯ ತರಗತಿಯ ಮಗುವನ್ನು ನವೋದಯ ಪರೀಕ್ಷೆಗೆ ಕೂರಿಸುವಾಗ, ಕನ್ನಡ ಮಾಧ್ಯಮವೇ ತೊಡಕಾದೀತೇ ಎಂಬ ಅಳುಕು ಪೋಷಕರನ್ನು ಕಾಡುತ್ತದೆ.

ಆ ಪರೀಕ್ಷೆಯಲ್ಲಿ 80 ಪ್ರಶ್ನೆಗಳು, 100 ಅಂಕಗಳು. ಮಾನಸಿಕ ಸಾಮರ್ಥ್ಯಕ್ಕೆ 50, ಗಣಿತಕ್ಕೆ 25, ಭಾಷೆಗೆ 25. ಮೊದಲ ಭಾಗದಲ್ಲಿ ಆಕೃತಿಗಳೇ ಇರುವುದರಿಂದ ಭಾಷೆಯ ಹೊರೆ ಕಡಿಮೆ. ಉಳಿದರ್ಧವನ್ನು ಮಗು ತಾನು ಆರಿಸಿಕೊಂಡ ಒಂದೇ ಭಾಷೆಯಲ್ಲಿ ಓದಿ ಉತ್ತರಿಸಬೇಕು. ನಮ್ಮ ಮಗುವಾದರೋ ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ ಆಡುತ್ತದೆ. ಶಾಲೆಯಲ್ಲಿ ಗ್ರಾಂಥಿಕ ಕನ್ನಡ ಓದುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತದೆ. ಈ ಸಂಪತ್ತಿಗೆ ಅಲ್ಲಿ ಲೆಕ್ಕವಿಲ್ಲ.

ಹಾಗೆಂದು ಹೆಚ್ಚುವರಿ ಅಂಕ ಕೊಡಬೇಕೇ? ಕೂಡದೆಂದೇ ನನ್ನ ಅಭಿಪ್ರಾಯ. ಹಲವು ನುಡಿ ಬಲ್ಲುದು ಈ ನೆಲದ ಎಲ್ಲ ಮಕ್ಕಳಿಗೂ ಸಹಜ. ಅದರಿಂದ ವಿಶೇಷ ಪ್ರತಿಭೆಯನ್ನು ಗುರುತಿಸಲಾಗದು. 1962ರಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ವಿದ್ವಾಂಸರು, ಕೆನಡಾದ ಮಾಂಟ್ರಿಯಲ್‌ನಲ್ಲಿ ಎರಡು ಭಾಷೆ ಬಲ್ಲ ಹತ್ತು ವರ್ಷದ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಮುಂದಿದ್ದುದನ್ನು ತೋರಿಸಿದರು. ದ್ವಿಭಾಷಿಕತೆ ಬುದ್ಧಿಗೆ ಭಾರವೆಂಬ ಹಳೆಯ ನಂಬಿಕೆ ಆಗ ಸಡಿಲಿತು. ಆದರೆ ಅವರು ಆರಿಸಿದ್ದು ಎರಡೂ ಭಾಷೆಗಳಲ್ಲಿ ಸಮಬಲವಿದ್ದ ಮಕ್ಕಳನ್ನು. ಅನಂತರದ ಸಂಶೋಧನೆಗಳ ಫಲವೂ ಏಕರೂಪವಾಗಿಲ್ಲ. ಇಂಥ ಆಧಾರದ ಮೇಲೆ ಅಂಕ ಹಂಚಲಾಗದು. ಹಂಚಿದರೆ ಆ ಲಾಭವೂ ಇಂಗ್ಲಿಷ್ ತರಬೇತಿಗೆ ಹಣ ತೆರಬಲ್ಲವರ ಪಾಲಾದೀತು.

ನಾವು ಕೇಳಬೇಕಾದುದು ನ್ಯಾಯವಾದ ಅಳತೆಯನ್ನು. ಎರಡು ನುಡಿಗಳಲ್ಲಿ ಬೆಳೆಯುವ ಮಗುವಿಗೆ ಒಂದೊಂದರಲ್ಲಿ ತಿಳಿದ ಪದಗಳು ಕೆಲವೊಮ್ಮೆ ಕಡಿಮೆಯಿರಬಹುದು. ಎರಡನ್ನೂ ಕೂಡಿಸಿದಾಗ ಕೊರತೆ ಕಾಣದು. ಆದುದರಿಂದ ಗಣಿತದ ಪ್ರಶ್ನೆಗಳು ಮಗು ಬಲ್ಲ ಎರಡು ಭಾಷೆಗಳಲ್ಲಿ ಅಕ್ಕಪಕ್ಕದಲ್ಲಿರಲಿ. ಲೆಕ್ಕ ತಿಳಿದೂ ಒಂದು ಪದ ತಿಳಿಯದೆ ಮಗು ಸೋಲಬಾರದು.

ಪೋಷಕರಲ್ಲಿ ಒಂದು ವಿನಂತಿ. ಒಂದು ಪರೀಕ್ಷೆಯ ಭಯದಿಂದ ನಡುವೆ ಮಾಧ್ಯಮ ಬದಲಿಸಬೇಡಿ. ದಿನವೂ ಒಂದು ಪುಟ ಕನ್ನಡ ಓದಿಸಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ಕನ್ನಡದ ರಾಷ್ಟ್ರಕವಿಯಾದರು. ನೂರು ವರ್ಷ ಹಲವು ಮನೆಮಾತುಗಳ ಮಕ್ಕಳಿಗೆ ಕನ್ನಡ ಕಲಿಸಿದ ಈ ಶಾಲೆ ಆ ಕಾರ್ಯವನ್ನು ಮುಂದುವರಿಸಲಿ.